ಬ್ರಾಡ್‌ವೇ ಮ್ಯೂಸಿಕಲ್: ವಾರದ ಗಳಿಕೆಯ ಪಟ್ಟಿ ಓದುವುದು ಹೇಗೆ

ಹೌಸ್‌ಫುಲ್ ಬೋರ್ಡು ಹಾಕಿದ ಮ್ಯೂಸಿಕಲ್ಲೂ (ಹಾಡು-ಕುಣಿತದ ನಾಟಕ) ನಷ್ಟದಲ್ಲಿ ಓಡುತ್ತಿರಬಹುದು. ನ್ಯೂಯಾರ್ಕಿನ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯಲ್ಲಿ ಇದು ಅಪರೂಪವೇನಲ್ಲ. ಯಾವುದು ಗಟ್ಟಿ, ಯಾವುದು ಕುಂಟುತ್ತಿದೆ ಎಂದು ಅಂದಾಜಿಸಲು ನಿರ್ಮಾಪಕರ ಮತ್ತು ರಂಗಮಂದಿರ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ವಾರಕ್ಕೊಮ್ಮೆ ಕೊಡುವ ಪಟ್ಟಿಯೇ ಒಳ್ಳೆಯ ಆಧಾರ. ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ ಅದು.

ಮೊದಲು ಪ್ರದರ್ಶನಗಳ ಸಂಖ್ಯೆ ನೋಡಿ. ವಾಡಿಕೆಯಂತೆ ವಾರಕ್ಕೆ 8. ಕ್ರಿಸ್‌ಮಸ್ ಸಮಯದಲ್ಲಿ ಕೆಲವರು 9 ಮಾಡುತ್ತಾರೆ, ನಟರ ಅನಾರೋಗ್ಯದಿಂದ 7ಕ್ಕೂ ಇಳಿಯಬಹುದು. ಇದನ್ನು ಗಮನಿಸದೆ ಎರಡು ವಾರಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ರಂಗಮಂದಿರದ ಅಳತೆ. ಸಿನಿಮಾ ಗೆದ್ದರೆ ಪರದೆಗಳನ್ನು ಹೆಚ್ಚಿಸಬಹುದು. ಇಲ್ಲಿ ಇರುವುದು ಒಂದೇ ರಂಗಮಂದಿರ, ಅಷ್ಟೇ ಕುರ್ಚಿ. ಆದಾಯ ಏರಬೇಕಾದರೆ ಟಿಕೆಟ್ ದರವೇ ಏರಬೇಕು. 2018ರ ಡಿಸೆಂಬರ್ ಕೊನೆಯ ವಾರ ‘ಹ್ಯಾಮಿಲ್ಟನ್’ 8 ಪ್ರದರ್ಶನಗಳಲ್ಲಿ 40 ಲಕ್ಷ ಡಾಲರ್ ದಾಟಿತು. 2024ರ ಅದೇ ಹೊತ್ತಿಗೆ ‘ವಿಕೆಡ್’ 9 ಪ್ರದರ್ಶನಗಳಲ್ಲಿ 50 ಲಕ್ಷ ದಾಟಿತು. ದಾಖಲೆ ಎರಡನೆಯದರದ್ದು, ನಿಜ. ಆದರೆ ‘ವಿಕೆಡ್’ ನಡೆಯುವ ಗರ್ಶ್‌ವಿನ್‌ನಲ್ಲಿ ಸುಮಾರು 1,900 ಆಸನಗಳಿವೆ, ‘ಹ್ಯಾಮಿಲ್ಟನ್’ ನಡೆಯುವ ರಿಚರ್ಡ್ ರಾಜರ್ಸ್‌ನಲ್ಲಿ ಸುಮಾರು 1,300. ಭಾಗಿಸಿ ನೋಡಿ: ಒಂದು ಪ್ರದರ್ಶನಕ್ಕೆ, ಒಂದು ಕುರ್ಚಿಗೆ ‘ವಿಕೆಡ್’ ತಂದದ್ದು ಸುಮಾರು 290 ಡಾಲರ್, ‘ಹ್ಯಾಮಿಲ್ಟನ್’ ತಂದದ್ದು ಸುಮಾರು 380. ಅದೂ ಆರು ವರ್ಷ ಹಿಂದಿನ ದರದಲ್ಲಿ.

ಈಗ ಲೆಕ್ಕದ ತಿರುಳಿಗೆ ಬನ್ನಿ. 1,000 ಆಸನದ ರಂಗಮಂದಿರ, 8 ಪ್ರದರ್ಶನ, ಒಟ್ಟು 8,000 ಕುರ್ಚಿ ಎಂದುಕೊಳ್ಳಿ. 7,600 ಜನ ಬಂದರೆ ಶೇ 95 ಭರ್ತಿ, ಬೀಗುವಂಥ ಅಂಕಿ. ಗಳಿಕೆ 5,70,000 ಡಾಲರ್. ಅದನ್ನು 7,600ರಿಂದ ಭಾಗಿಸಿದರೆ ಸರಾಸರಿ ಟಿಕೆಟ್ 75 ಡಾಲರ್. ಎಲ್ಲ ಆಸನ ಪೂರ್ಣ ಬೆಲೆಗೆ ಹೋಗಿದ್ದರೆ 9,50,000 ಬರಬೇಕಿತ್ತು ಎಂದಾದರೆ, ಕೈಸೇರಿದ್ದು ಸಾಧ್ಯವಿದ್ದುದರ ಶೇ 60 ಮಾತ್ರ. ವಾರದ ಖರ್ಚು 6 ಲಕ್ಷವಿದ್ದರೆ 30,000 ಡಾಲರ್ ಖೋತಾ. ಭರ್ತಿಯ ಶೇಕಡಾಕ್ಕೂ ಗಳಿಕೆಯ ಶೇಕಡಾಕ್ಕೂ ನಡುವೆ ಇಷ್ಟು ಅಂತರ ಬಿದ್ದಿದೆಯೆಂದರೆ ರಿಯಾಯಿತಿಯಲ್ಲೋ ಪುಕ್ಕಟೆಯಾಗಿಯೋ ಕುರ್ಚಿ ತುಂಬಿಸಿದ್ದಾರೆ ಎಂದೇ ತಿಳಿಯಿರಿ. ಟೈಮ್ಸ್ ಸ್ಕ್ವೇರಿನ ಟಿಕೆಟಿಎಸ್ (TKTS) ಕೌಂಟರಿನಲ್ಲಿ 1973ರಿಂದ ಇಂಥ ಅಗ್ಗದ ಟಿಕೆಟ್ ಮಾರುತ್ತಾರೆ; ವಾರಾಂತ್ಯದ ರಾತ್ರಿಯೂ ಒಂದು ಮ್ಯೂಸಿಕಲ್ ಅಲ್ಲಿ ಅರ್ಧ ಬೆಲೆಗೆ ಸಿಗುತ್ತಿದ್ದರೆ ಅದೇ ಒಂದು ಸುಳಿವು.

ಗಳಿಕೆ ಸಾಧ್ಯವಿದ್ದುದರ ಶೇ 100 ದಾಟಿದ್ದರೆ ಮುದ್ರಣದೋಷವಲ್ಲ. ಒಳ್ಳೆಯ ಜಾಗದ ಆಸನಗಳನ್ನು ಪ್ರೀಮಿಯಂ ದರಕ್ಕೆ ಮಾರಿದಾಗ ಹಾಗಾಗುತ್ತದೆ. ಹಾಜರಾತಿ 100 ದಾಟಿದ್ದರೆ ಹಿಂದೆ ನಿಂತು ನೋಡಿದವರ ಟಿಕೆಟ್ ಸೇರಿದೆ.

ಖರ್ಚಿನ ಅಂಕಿ ಪಟ್ಟಿಯಲ್ಲಿ ಇರುವುದಿಲ್ಲ, ಪತ್ರಿಕಾ ವರದಿಗಳಲ್ಲಿ ಹುಡುಕಬೇಕು. ಸಿಕ್ಕರೂ ಅದು ಸ್ಥಿರವಲ್ಲ: ರಂಗಮಂದಿರದ ಮಾಲೀಕರಿಗೂ ಬರೆದವರಿಗೂ ಹೋಗುವ ಪಾಲು ಗಳಿಕೆಯೊಂದಿಗೇ ಏರುವುದರಿಂದ, ಹೆಚ್ಚುವರಿ ಒಂದು ಲಕ್ಷ ಬಂದರೆ ಪೂರ್ತಿ ಲಾಭವಲ್ಲ.

ಎಲ್ಲರೂ ಎಡವುವುದು ಇನ್ನೊಂದು ಕಡೆ. ಪಟ್ಟಿಯಲ್ಲಿರುವುದು ಆ ವಾರ ಆಡಿದ ಪ್ರದರ್ಶನಗಳ ಹಣ, ಆ ವಾರ ಮಾರಾಟವಾದ ಟಿಕೆಟಿನ ಹಣವಲ್ಲ. ಈ ಎರಡನೆಯದನ್ನು ಒಳಗಿನವರು ‘ರ‍್ಯಾಪ್’ ಎನ್ನುತ್ತಾರೆ, ಹೊರಗೆ ಬಿಟ್ಟುಕೊಡುವುದು ಕಡಿಮೆ. ಆರು ತಿಂಗಳ ಹಿಂದೆ ಮುಂಗಡ ಮಾರಿದ ಟಿಕೆಟ್ ಇವತ್ತಿನ ಗಳಿಕೆಯಾಗಿ ಕಾಣುತ್ತದೆ. ಹಾಗಾಗಿ ಬೇಡಿಕೆ ಬತ್ತಿದ್ದು ಪಟ್ಟಿಯಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತದೆ.

ಹೋಲಿಕೆಗೆ ಹಿಂದಿನ ವಾರಕ್ಕಿಂತ ಹಿಂದಿನ ವರ್ಷದ ಅದೇ ವಾರ ಮೇಲು. ಜನವರಿಯಲ್ಲಿ ಎಲ್ಲರೂ ಕುಸಿಯುತ್ತಾರೆ, ಅದು ಚಳಿಗಾಲದ ಪಾಡು. ಉದ್ಘಾಟನೆಯ ವಾರ ವಿಮರ್ಶಕರಿಗೂ, ವಸಂತದಲ್ಲಿ ಟೋನಿ ರಂಗಪ್ರಶಸ್ತಿಯ ಮತದಾರರಿಗೂ ಉಚಿತ ಆಸನ ಹೋಗುವುದರಿಂದ ಸರಾಸರಿ ತಗ್ಗಿದರೆ ಗಾಬರಿ ಬೇಡ.

ಹಠಾತ್ ಜಿಗಿತ ಕಂಡಾಗಲೂ ಕಾರಣ ಕೇಳಿ. 1988ರಲ್ಲಿ ಶುರುವಾದ ‘ಫ್ಯಾಂಟಮ್ ಆಫ್ ದಿ ಆಪೆರಾ’ ಮುಚ್ಚುತ್ತದೆಂದು 2022ರ ಸೆಪ್ಟೆಂಬರಿನಲ್ಲಿ ಘೋಷಣೆಯಾದದ್ದೇ ತಡ, ಟಿಕೆಟಿಗೆ ಜನ ಮುಗಿಬಿದ್ದರು. ಫೆಬ್ರುವರಿಗೆ ಮುಗಿಯಬೇಕಿದ್ದದ್ದು 2023ರ ಏಪ್ರಿಲ್ 16ರವರೆಗೆ ಓಡಿ, 13,981ನೇ ಪ್ರದರ್ಶನಕ್ಕೆ ನಿಂತಿತು. ಆ ತಿಂಗಳುಗಳ ಅಂಕಿಗಳನ್ನಷ್ಟೇ ನೋಡಿದವರಿಗೆ ಅದನ್ನು ಏಕೆ ಮುಚ್ಚಿದರೆಂಬುದೇ ಅರ್ಥವಾಗುವುದಿಲ್ಲ.