ಓಕೆ ಅಂದ್ರೆ ಯಾವ ಓಕೆ? ಅರ್ಥ ಹಿಡಿಯೋದು, ಬೇರು ಹುಡುಕೋದು ಹೇಗೆ

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ "ಇನ್ನೊಂದು ಹಾಕ್ಸಲಾ ಸರ್?" ಅಂತ ಕೇಳಿದಾಗ ನೀವು "ಓಕೆ" ಅಂದರೆ ದೋಸೆ ಬರುತ್ತದೆ. ಇದೇ ಪ್ರಶ್ನೆಗೆ ಇಂಗ್ಲಿಷ್ ಮನೆಮಾತಿನವರು "ಐ ಯಾಮ್ ಓಕೆ" ಅಂದರೆ ದೋಸೆ ಹಾಕಿಸಬಾರದು. ಅವರು ಹೇಳುತ್ತಿರುವುದು "ನಂಗೆ ಸಾಕು, ಬೇಡ" ಅಂತ. ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಸೇರುವ ನಮ್ಮೂರ ಹುಡುಗ ಹುಡುಗಿಯರು ಮೊದಲು ಕಲಿಯಬೇಕಾದ ವ್ಯತ್ಯಾಸ ಇದೇ.

ಅರ್ಥ ಹಿಡಿಯಲು ಮೊದಲು ಪದ ಎಲ್ಲಿ ಕೂತಿದೆ ನೋಡಿ. ಮಾತಿನ ಆರಂಭದಲ್ಲಿ "ಓಕೆ, ಲೆಟ್ಸ್ ಸ್ಟಾರ್ಟ್" ಅಂದರೆ ಅಲ್ಲಿ ಒಪ್ಪಿಗೆಯ ಮಾತೇ ಇಲ್ಲ. ನಾವು "ಆತು, ಇನ್ನ ಶುರು ಮಾಡಾನ" ಅಂತೀವಲ್ಲ, ಆ "ಆತು" ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಬಿದ್ದವರನ್ನು "ಆರ್ ಯೂ ಓಕೆ?" ಅಂತ ಕೇಳಿದರೆ ಪೆಟ್ಟಾಯಿತಾ ಅಂತ ಅರ್ಥ. ವಸ್ತುವಿನ ಬಗ್ಗೆ "ದ ಫುಡ್ ವಾಸ್ ಓಕೆ" ಅಂದರೆ ಹೊಗಳಿಕೆ ಅಲ್ಲ, "ಪರವಾಗಿಲ್ಲ, ತಿನ್ನಬಹುದು" ಅಷ್ಟೇ. ಊಟಕ್ಕೆ ಕರೆದವರ ಮನೆಯಲ್ಲಿ ಇದನ್ನು ಹೇಳಲೇಬೇಡಿ. ಕ್ರಿಯಾಪದವಾದಾಗ ಮಂಜೂರು ಮಾಡುವುದು: "ಲೋನ್ ಓಕೆ ಆತು", "ಸಾಹೇಬ್ರು ಓಕೆ ಮಾಡಿದ್ರು". ಇಲ್ಲಿ ಮಾತ್ರ ಇಂಗ್ಲಿಷಿಗೂ ನಮಗೂ ಯಾವ ತಕರಾರೂ ಇಲ್ಲ.

ನಿಜವಾದ ತೊಡಕು ಇರುವುದು ಒಂಟಿ ಓಕೆಯಲ್ಲಿ. ಅದು "ಒಪ್ಪಿದೆ" ಆಗಬಹುದು, ಬರೀ "ಕೇಳಿಸ್ತು" ಕೂಡ ಆಗಬಹುದು. ಮೆಕ್ಕೆಜೋಳ ಮಾರುವ ರೈತ ದಲಾಲಿ ಅಂಗಡಿಗೆ ಫೋನ್ ಮಾಡಿ "ನಾಳೆ ನಲವತ್ತು ಚೀಲ ತರ್ತೀನಿ ಅಣ್ಣ, ಮೊನ್ನೆ ಹೇಳಿದ ರೇಟೇ ಹಾಕ್ಬೇಕು" ಅಂತಾನೆ. ಆ ಕಡೆಯಿಂದ "ಓಕೆ ಓಕೆ, ತಗಂಡ್ ಬಾ" ಅಂತ ಉತ್ತರ. ಇವನಿಗೆ ರೇಟು ಗಟ್ಟಿಯಾಯಿತು ಅನ್ನಿಸಿತು, ಅವರು ಒಪ್ಪಿದ್ದು ಚೀಲ ತರುವುದಕ್ಕೆ ಮಾತ್ರ. ಜೋಡಿ ಓಕೆ ಬಂದಾಗ ಸಾಮಾನ್ಯವಾಗಿ ಎದುರಿನವರಿಗೆ ಮಾತು ಮುಗಿಸುವ ಅವಸರ ಇರುತ್ತದೆ. ಇಂಥ ಕಡೆ ಮಾಡಬೇಕಾದ್ದು ಒಂದೇ: ಅಂಕಿಯನ್ನು ಎದುರಿನವರ ಬಾಯಿಂದ ಹೇಳಿಸಿ. "ಯಾವ ರೇಟಿಗೆ ಓಕೆ ಅಂದ್ರಿ, ಒಂದ್ಸಲ ಹೇಳ್ರಿ" ಅಂದರೆ ಯಾರೂ ಬೇಜಾರಾಗುವುದಿಲ್ಲ. "ಓಕೆನಾ?" ಅಂತ ಮತ್ತೆ ಕೇಳಿದರೆ ಮತ್ತೊಂದು ಓಕೆ ಸಿಗುತ್ತದೆ, ವಿಷಯ ಇದ್ದಲ್ಲೇ ಇರುತ್ತದೆ.

ರಾಗವನ್ನೂ ಗಮನಿಸಿ. ಕೊನೆಯಲ್ಲಿ ಏರುತ್ತಾ ಎಳೆದ "ಓಕೇ..?" ಅಂದರೆ ಅನುಮಾನ. ಥಟ್ಟನೆ ಕೆಳಗಿಳಿದ "ಓಕೆ" ಅಂದರೆ ಮುಗಿಯಿತು. ಮೊಬೈಲಿನಲ್ಲಿ ರಾಗ ಇಲ್ಲದಿರುವುದರಿಂದ ಅಕ್ಷರಗಳೇ ಆ ಕೆಲಸ ಮಾಡುತ್ತವೆ. ಬರೀ "ಕೆ" ಅಂತ ಕಳಿಸಿದರೆ ಮುಖ ತಿರುಗಿಸಿದಂತೆ ಕಾಣುತ್ತದೆ. ಹಿರಿಯರಿಗಾದರೆ "ಓಕೆರಿ" ಅನ್ನಿ, ಆ ಒಂದು "ರಿ" ಮಾತಿಗೆ ಮರ್ಯಾದೆ ತರುತ್ತದೆ. "ಆಗ್ಲಿ ಸರ್" ಅಂದರೆ ಇನ್ನೂ ಚೆನ್ನ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡುವ ಸನ್ನೆಯಲ್ಲೂ ಎಚ್ಚರ ಬೇಕು: ಬ್ರೆಜಿಲ್‌ನಲ್ಲಿ ಅದು ಅಶ್ಲೀಲ, ಜಪಾನಿನಲ್ಲಿ ದುಡ್ಡು.

ಇನ್ನು ಬೇರು. 1838ರ ಹೊತ್ತಿಗೆ ಅಮೆರಿಕದ ಬಾಸ್ಟನ್ ಪತ್ರಿಕೆಗಳವರಿಗೆ ಒಂದು ಗೀಳು ಹತ್ತಿತ್ತು: ಪದಗಳನ್ನು ಬೇಕಂತಲೇ ತಪ್ಪಾಗಿ ಬರೆದು, ಆ ತಪ್ಪಿನ ಮೊದಲಕ್ಷರ ಮಾತ್ರ ಅಚ್ಚು ಹಾಕುವುದು. "ಎಲ್ಲ ಸರಿ" ಅನ್ನುವುದನ್ನು "ಯಲ್ಲ ಶರಿ" ಅಂತ ಬರೆದು "ಯ.ಶ." ಅಂತ ಮೊಟಕು ಮಾಡಿದಂತೆ. "ಆಲ್ ಕರೆಕ್ಟ್" ಹೀಗೆ "ಓಲ್ ಕೊರೆಕ್ಟ್" ಆಗಿ, 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಓ.ಕೆ. ಅಂತ ಬಂತು. ಇದರ ಒಡಹುಟ್ಟುಗಳೂ ಇದ್ದವು: "ಆಲ್ ರೈಟ್" ಅನ್ನುವುದನ್ನು oll wright ಅಂತ ಬರೆದು ಓ.ಡಬ್ಲ್ಯು., "ನೋ ಯೂಸ್" ಅನ್ನುವುದನ್ನು know yuse ಅಂತ ಬರೆದು ಕೆ.ವೈ. ಅವೆಲ್ಲ ಸತ್ತವು. ಓಕೆ ಉಳಿಯಲು ಮುಂದಿನ ವರ್ಷದ ಚುನಾವಣೆ ನೆರವಾಯಿತು. ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಹುಟ್ಟೂರು ಕಿಂಡರ್‌ಹುಕ್. ಬೆಂಬಲಿಗರು ಅವರನ್ನು "ಓಲ್ಡ್ ಕಿಂಡರ್‌ಹುಕ್" ಅಂತ ಕರೆದು ಓಕೆ ಕ್ಲಬ್ ಕಟ್ಟಿದರು. 1840ರಲ್ಲಿ ಅವರು ಸೋತರು, ಪದ ಗೆದ್ದಿತು. ಮುಂದೆ ತಂತಿ ಕಚೇರಿಗಳಲ್ಲಿ "ಸಂದೇಶ ಮುಟ್ಟಿತು" ಅನ್ನಲು ಇದೇ ಬಳಕೆಯಾಯಿತು. ಓಕೆಗೆ ಇಂದಿಗೂ ಅಂಟಿಕೊಂಡಿರುವ "ಕೇಳಿಸ್ತು" ಅನ್ನುವ ಅರ್ಥ ಅಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡಿ.

ಈ ಜಾಡು ಹಿಡಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್. 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ತೋರಿಸಿದರು. ಅವರ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು. ಮೊದಲು ಅತಿ ಹಳೆಯ ಅಚ್ಚಿನ ತಾರೀಕು ಹುಡುಕಿ. ಯಾವ ಕಥೆಯ ಘಟನೆ ಅದಕ್ಕಿಂತ ಈಚಿನದೋ ಆ ಕಥೆ ಬಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ "ಸೊನ್ನೆ ಸಾವು" ಅನ್ನಲು ಸೊನ್ನೆ ಮತ್ತು "ಕಿಲ್ಡ್" ಪದದ ಕೆ ಬರೆದರು, ಅದೇ ಓಕೆ ಆಯಿತು ಅನ್ನುವ ಕಥೆ ಬಹಳ ಓಡಾಡುತ್ತದೆ. ಆ ಯುದ್ಧ ಶುರುವಾದದ್ದು 1861ರಲ್ಲಿ, ಪದ ಅಷ್ಟರಲ್ಲಿ 22 ವರ್ಷ ಹಳೆಯದು. ಆಮೇಲೆ ಅಕ್ಕಪಕ್ಕದ ಪದ ನೋಡಿ: ಓ.ಡಬ್ಲ್ಯು.ನಂಥ ಜೊತೆಗಾರರು ಸಿಕ್ಕಿದ್ದರಿಂದಲೇ ರೀಡ್ ವಾದ ಗಟ್ಟಿಯಾಯಿತು. ಚೊಕ್ಟಾ ಬುಡಕಟ್ಟಿನ ಭಾಷೆಯ "ಓಕೆ", ಗ್ರೀಕರ "ಓಲಾ ಕಲಾ" ಇವೆಲ್ಲ ದನಿಯಲ್ಲಿ ಹೋಲುತ್ತವೆ, ಆದರೆ ದನಿ ಹೋಲಿದ ಮಾತ್ರಕ್ಕೆ ನೆಂಟಸ್ತನ ಹೇಳಲಾಗದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನು ಜಾಲದಲ್ಲಿ ಪುಕ್ಕಟೆಯಾಗಿ ಇಟ್ಟಿದೆ, ಮನೆಯಲ್ಲೇ ಕೂತು ಹುಡುಕಬಹುದು. ಅಲ್ಲಿ ಕೈಕೊಡುವುದು ಯಂತ್ರ ಓದಿದ ಅಕ್ಷರ. ಮಸುಕಾದ ಅಚ್ಚಿನಲ್ಲಿ ಬೇರೆ ಅಕ್ಷರವನ್ನೇ ಅದು "ಕೆ" ಅಂತ ಓದಿರುತ್ತದೆ, ಇಲ್ಲವೇ ಆ ಓ.ಕೆ. ಯಾರದೋ ಹೆಸರಿನ ಇನಿಷಿಯಲ್ ಆಗಿರುತ್ತದೆ. ಪುಟದ ಚಿತ್ರ ತೆರೆದು, ಪದದ ಹಿಂದು ಮುಂದಿನ ವಾಕ್ಯವನ್ನೂ ತಲೆಬರಹದ ತಾರೀಕನ್ನೂ ಕಣ್ಣಾರೆ ಓದುವವರೆಗೆ ಅದನ್ನು ಲೆಕ್ಕಕ್ಕೆ ತಗೋಬೇಡಿ.

ಕೈ ಪಳಗಿಸಲು ಇಂಗ್ಲಿಷಿನ "ಗೈ" (guy) ಒಳ್ಳೆಯ ಪದ. 1605ರಲ್ಲಿ ಇಂಗ್ಲೆಂಡಿನ ರಾಜನನ್ನು ಕೊಲ್ಲಲು ಹೂಡಿದ ಸಿಡಿಮದ್ದಿನ ಸಂಚಿನ ಗೈ ಫಾಕ್ಸ್‌ನಿಂದ ಹೊರಡಿ. ಅವನ ಹೆಸರು ನವೆಂಬರ್ 5ರಂದು ಸುಡುವ ಬೆದರುಗೊಂಬೆಗೆ, ಅಲ್ಲಿಂದ ಚಿತ್ರವಿಚಿತ್ರ ಬಟ್ಟೆ ತೊಟ್ಟವನಿಗೆ, ಕೊನೆಗೆ ಅಮೆರಿಕದಲ್ಲಿ ಯಾವ ಗಂಡಸಿಗಾದರೂ ಅಂಟಿದ್ದು ಯಾವ ಯಾವ ವರ್ಷದ ಅಚ್ಚಿನಲ್ಲಿ ಕಾಣುತ್ತದೆ, ಒಂದೊಂದಾಗಿ ಬರೆದಿಟ್ಟುಕೊಳ್ಳಿ.