ಸಾಲುಮನೆಯ ಹಳೇ ಗಾರೆ ಗೋಡೆಗೆ ದುರಸ್ತಿ

ಮೈಸೂರಿನ ಹಳೇ ಕ್ವಾರ್ಟರ್ಸ್‌ಗಳಲ್ಲಿ, ಅಗ್ರಹಾರದ ಸಾಲುಮನೆಗಳಲ್ಲಿ ಗೋಡೆಯ ಬುಡ ಉದುರುತ್ತಿದ್ದರೆ ತಕ್ಷಣ ಕರಣೆ ಹಿಡಿಯಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಸೂರಿನ ನೀರು ಬುಡಕ್ಕೇ ಬೀಳುತ್ತಿರಬಹುದು, ಪದೇ ಪದೇ ಡಾಂಬರು ಹಾಕಿ ರಸ್ತೆಯೇ ಜಗಲಿಗಿಂತ ಎತ್ತರವಾಗಿರಬಹುದು. ಸಾಲುಮನೆಯಲ್ಲಿ ನಡುಗೋಡೆ ಇಬ್ಬರದು; ಪಕ್ಕದವರ ಬಚ್ಚಲಿನ ತೇವ ನಿಮ್ಮ ಪಡಸಾಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅವರನ್ನೂ ಸೇರಿಸಿಕೊಂಡೇ ಕೆಲಸಕ್ಕಿಳಿಯಿರಿ.

ಸಿಮೆಂಟ್ ಮಾತ್ರ ಬೇಡವೇ ಬೇಡ. ಗೋಡೆ ಹೀರಿದ ತೇವ ಹಳೇ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ ತೇವ ಇನ್ನೂ ಮೇಲೇರುತ್ತದೆ, ಅದರಲ್ಲಿ ಕರಗಿದ ಉಪ್ಪು ಒಳಗೇ ಹರಳುಗಟ್ಟಿ ಮೆದು ಇಟ್ಟಿಗೆಯ ಮೈಯನ್ನು ಪುಡಿಮಾಡುತ್ತದೆ. ಗಾರೆ ಗಟ್ಟಿಯಲ್ಲ ಎನ್ನುವವರಿಗೆ ಕನ್ನಂಬಾಡಿ ಕಟ್ಟೆ ತೋರಿಸಿ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯೇ.

ಗೋಡೆ ಕೆಲಸವನ್ನು ಮಳೆ ಮುಗಿದ ಡಿಸೆಂಬರಿಗೆ ಇಟ್ಟುಕೊಂಡು, ಸುಣ್ಣವನ್ನು ಅಕ್ಟೋಬರಿನಲ್ಲೇ ಅರಳಿಸಿ. ಕಬ್ಬಿಣದ ಡ್ರಮ್ಮಿನಲ್ಲಿ ಮೂರು ಪಾಲು ನೀರಿಟ್ಟು, ಒಂದು ಪಾಲು ಸುಟ್ಟ ಸುಣ್ಣದ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಕಲ್ಲಿನ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು; ಕನ್ನಡಕ, ಕೈಗವಸು ತಪ್ಪಿಸಬೇಡಿ. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಮೂರು ವಾರವಾದರೂ ನೆನೆಯಬೇಕು, ಎರಡು ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದ ಚೂರು ಉಳಿದರೆ ಗೋಡೆಗೇರಿದ ಮೇಲೆ ಅರಳಿ, ಅಲ್ಲಲ್ಲಿ ಕುಳಿ ಎಬ್ಬಿಸುತ್ತದೆ.

ಕಲಸುವ ಅಳತೆ: ಒಂದು ಬಾಂಡ್ಲಿ ಸುಣ್ಣದ ಮುದ್ದೆ, ಒಂದು ಇಟ್ಟಿಗೆ ಪುಡಿ, ಎರಡು ತೊಳೆದ ಮರಳು. ಕರಕಲು ಇಟ್ಟಿಗೆಯ ಪುಡಿ ಸುಣ್ಣದೊಂದಿಗೆ ಕೂಡುವುದಿಲ್ಲ. ಬೆಲ್ಲ, ಅಳಲೆಕಾಯಿ ನೀರು ಹಾಕುವ ರೂಢಿಯಿದೆ. ಹದ ಬಲ್ಲ ಗಾರೆಯವರು ಸಿಗದಿದ್ದರೆ ಬಿಟ್ಟುಬಿಡಿ, ಬೆಲ್ಲ ಹೆಚ್ಚಾದರೆ ಗಾರೆ ಬಿಗಿಯುವುದೇ ತಡವಾಗುತ್ತದೆ.

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಮಾತ್ರ ಕೆತ್ತಿ. ಗಟ್ಟಿಯಿರುವ ಹಳೇ ಗಾರೆ ಹಾಗೇ ಇರಲಿ, ಅದಕ್ಕಿಂತ ಒಳ್ಳೆಯದನ್ನು ನಾವು ಹಾಕುವುದು ಕಷ್ಟ. ಇಟ್ಟಿಗೆ ಸಂದುಗಳನ್ನು 2 ಸೆಂ.ಮೀ. ಕೆರೆದು, ಹಿಂದಿನ ಸಂಜೆಯೇ ನೀರುಣಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಹಿಡಿತವಿರುವುದಿಲ್ಲ. ಒಂದು ಪದರ 12 ಮಿ.ಮೀ. ಮೀರದಿರಲಿ, ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಗಟ್ಟಿಯಾಗುವುದರಿಂದ ದಪ್ಪ ಪದರ ಒಳಗೆ ಹಸಿಯಾಗೇ ಉಳಿಯುತ್ತದೆ. ವಾರ ಬಿಟ್ಟು ಎರಡನೆಯದು, ಕೊನೆಗೆ 3 ಮಿ.ಮೀ. ನಯಗಾರೆ. ಹಸಿಯಿದ್ದಾಗ ಕೂದಲೆಳೆಯ ಬಿರುಕು ಕಂಡರೆ ಕರಣೆಯಿಂದ ಒತ್ತಿ ಮುಚ್ಚಿ, ಹತ್ತು ದಿನ ಒದ್ದೆ ಗೋಣಿ ಇಳಿಬಿಡಿ.

ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ, ಅದೂ ತೇವದ ದಾರಿ ಮುಚ್ಚುತ್ತದೆ. ಸುಣ್ಣವನ್ನು ನೀರುಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ನಾಲ್ಕು ಸಲ ಬಳಿಯಿರಿ. ಬಳಿದಾಗ ಏನೂ ಕಾಣುವುದಿಲ್ಲ, ಆರಿದ ಮೇಲೆ ಬಿಳುಪೇರುತ್ತದೆ. ಕಾಣಲಿಲ್ಲವೆಂದು ದಪ್ಪಗೆ ಬಳಿದ ಸುಣ್ಣವೇ ಒರಗಿದವರ ಅಂಗಿಗೆ ಮೆತ್ತಿಕೊಳ್ಳುವುದು.