ಶಾಸಕರನ್ನು ಗ್ರಂಥಾಲಯದ ಒಳಗೆ ಕರೆತರುವುದು ಹೇಗೆ?

ಹಾವೇರಿ ಜಿಲ್ಲೆಯ ಒಂದೂರಿನಲ್ಲಿ ಶಾಸಕರು ಬರುತ್ತಾರೆಂದು ಗ್ರಂಥಾಲಯದ ಮುಂದೆ ಶಾಮಿಯಾನ ಹಾಕಿದ್ದರು. ವೇದಿಕೆಗೆ ಮೇಜು ಸಾಲದೆ ಓದುವ ಮೇಜನ್ನೇ ಹೊರಗೆ ಹೊತ್ತು ತಂದು ಬಿಳಿ ಬಟ್ಟೆ ಹೊದಿಸಿದ್ದರು. ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದರು. ಶಾಸಕರು ಬಂದರು, ಏಲಕ್ಕಿ ಹಾರ ಹಾಕಿಸಿಕೊಂಡರು, ಪುಸ್ತಕದ ಮಹತ್ವದ ಬಗ್ಗೆ ಮಾತನಾಡಿದರು, ಹೊರಟರು. ಒಳಗೆ ಛಾವಣಿ ಸೋರುತ್ತಿತ್ತು. ಅದನ್ನು ಅವರು ನೋಡಲಿಲ್ಲ. ನೋಡಿ ಎಂದು ಯಾರೂ ಹೇಳಲೂ ಇಲ್ಲ. ಇಂಥದ್ದನ್ನು ನಾಲ್ಕಾರು ಕಡೆ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಗ್ರಂಥಾಲಯ ಯಾವ ಇಲಾಖೆಯದು ಎಂದು ತಿಳಿದುಕೊಳ್ಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ನಗರ, ಪಟ್ಟಣದವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಇವೆ. ಇದು ಗೊತ್ತಿಲ್ಲದೆ ಬರೆದ ಮನವಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಹಳ್ಳಿಯಾದರೆ ಪಂಚಾಯಿತಿ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಟ್ಟಣವಾದರೆ ವಾರ್ಡಿನ ಸದಸ್ಯರು: ಇವರಿಗೆ ಮೊದಲು ಹೇಳಿ, ಆಮೇಲೆ ಶಾಸಕರ ಬಳಿ ಹೋಗಿ. ಇವರನ್ನು ದಾಟಿ ಹೋದಿರೋ, ಶಾಸಕರ ಕಾರು ಊರು ಬಿಟ್ಟ ಮೇಲೆ ನಿಮ್ಮ ಕೆಲಸ ಮಾಡಿಕೊಡುವವರು ಸಿಗುವುದಿಲ್ಲ.

ದಿನ ಗೊತ್ತುಮಾಡಲು ಶಾಸಕರ ಆಪ್ತ ಸಹಾಯಕರನ್ನು ಖುದ್ದಾಗಿ ಭೇಟಿಯಾಗಿ. ವಾಟ್ಸ್‌ಆ್ಯಪ್‌ನಲ್ಲಿ ಆಮಂತ್ರಣ ಕಳಿಸಿ ಕೂರುವುದು ಸೋಮಾರಿಗಳ ಅಡ್ಡದಾರಿ; ಶುಭೋದಯದ ಸಂದೇಶಗಳ ನಡುವೆ ಅದು ಮುಳುಗಿಹೋಗುತ್ತದೆ. ನಿಮ್ಮೂರ ಕಡೆಗೆ ಶಾಸಕರ ಪ್ರವಾಸ ಯಾವಾಗ ಇದೆ ಎಂದು ಕೇಳಿ, ಅದರಲ್ಲಿ ಇಪ್ಪತ್ತು ನಿಮಿಷ ಬರೆಸಿ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಬೇಡ, ಚುನಾವಣಾ ನೀತಿ ಸಂಹಿತೆ ಇರುವಾಗ ಬೇಡವೇ ಬೇಡ. ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ ಎಂಬುದನ್ನು ಮರೆತು ಕರೆದವರೂ ಇದ್ದಾರೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ ಒಳ್ಳೆಯ ನೆಪ. ಆದರೆ ನನ್ನನ್ನು ಕೇಳಿದರೆ ಸಾದಾ ದಿನದ ಸಂಜೆಯೇ ಮೇಲು. ಕುರ್ಚಿಗಳೆಲ್ಲ ತುಂಬಿ ಇಬ್ಬರು ಕಿಟಕಿಯ ಕಟ್ಟೆಯ ಮೇಲೆ ಕುಳಿತಿರುವ ಹೊತ್ತು ನೋಡಿ ಕರೆಯಿರಿ.

ಕಾರ್ಯಕ್ರಮ ಎನ್ನಬೇಡಿ, ಭೇಟಿ ಎನ್ನಿ. ಕಾರ್ಯಕ್ರಮ ಎಂದ ಕೂಡಲೇ ಶಿಷ್ಟಾಚಾರ, ಆಮಂತ್ರಣ ಪತ್ರಿಕೆ, ಹೆಸರು ಬಿಟ್ಟವರ ಮುನಿಸು ಎಲ್ಲ ಬೆನ್ನು ಹತ್ತುತ್ತವೆ. ಫ್ಲೆಕ್ಸ್ ಬೇಡ. ಏಲಕ್ಕಿ ಹಾರ ಹಾವೇರಿಯ ಹೆಮ್ಮೆ, ನಿಜ, ಆದರೂ ಬೇಡ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು ಬಿಟ್ಟು ಕನ್ನಡ ಪುಸ್ತಕ ಕೊಡಬಹುದೆಂದು 2021ರಲ್ಲಿ ಸರ್ಕಾರವೇ ಹೇಳಿದೆ.

ಜನ ಎಡವುವುದು ಮನವಿಯಲ್ಲಿ. ಹದಿನಾಲ್ಕು ಬೇಡಿಕೆಗಳ ಮೂರು ಪುಟದ ಮನವಿಯನ್ನು ಯಾರೂ ಓದುವುದಿಲ್ಲ. ಒಂದೇ ಪುಟ, ಒಂದೇ ಬೇಡಿಕೆ ಇರಲಿ. ‘ಮೂಲಸೌಕರ್ಯ ಒದಗಿಸಿ’ ಎಂದು ಬರೆದರೆ ಏನನ್ನೂ ಕೇಳಿದಂತಾಗುವುದಿಲ್ಲ. ‘ಇಲ್ಲಿ ಕುರ್ಚಿ ಹದಿನೆಂಟು, ಸಂಜೆ ಬರುವವರು ಸುಮಾರು ನಲವತ್ತು, ಹಿಂದಿನ ಖಾಲಿ ಜಾಗದಲ್ಲಿ ಒಂದು ಕೋಣೆ ಬೇಕು’ ಎಂದು ನಿಮ್ಮಲ್ಲಿಯ ಲೆಕ್ಕ ಹಾಕಿ ಬರೆಯಿರಿ. ಲೆಕ್ಕಕ್ಕೆ ಹಾಜರಿ ಪುಸ್ತಕವೇ ಸಾಕ್ಷಿ. ಒಂದು ತಿಂಗಳು ಮೊದಲೇ ಎಲ್ಲರಿಂದಲೂ ತಪ್ಪದೆ ಸಹಿ ಮಾಡಿಸಲು ಶುರುಮಾಡಿ. ಕಟ್ಟಡಕ್ಕೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಕೇಳಬಹುದು. ಕಪಾಟು ಕೇಳುವುದಾದರೆ ಸ್ಟೀಲಿನದೇ ಎಂದು ಬರೆಯಿರಿ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಕಪಾಟು ಎರಡು ಮಳೆಗಾಲಕ್ಕೆ ಉಬ್ಬಿ, ಅರ್ಥಕೋಶದ ಭಾರಕ್ಕೆ ನಡು ಬಗ್ಗಿಸುತ್ತದೆ.

ನಗರಸಭೆ, ಪಾಲಿಕೆ ಸದಸ್ಯರ ಮುಂದೆ ಇಡಬೇಕಾದ ಕಾಗದ ಇನ್ನೊಂದಿದೆ: ನಿಮ್ಮ ಮನೆಯ ತೆರಿಗೆ ರಸೀದಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟಿದವರು ಗ್ರಂಥಾಲಯಕ್ಕೆಂದು ನೂರಿಪ್ಪತ್ತು ಕೊಟ್ಟಿರುತ್ತಾರೆ. ರಸೀದಿಯಲ್ಲಿ ಆ ಕರದ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಈ ವರ್ಷ ವಸೂಲಾದದ್ದೆಷ್ಟು, ಗ್ರಂಥಾಲಯಕ್ಕೆ ಸಂದದ್ದೆಷ್ಟು ಎಂದು ಕೇಳಿ. ದನಿ ಏರಿಸಬೇಡಿ, ಉತ್ತರ ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳಿ ಎನ್ನಿ.

ಭೇಟಿಯ ದಿನ ಯಾರನ್ನೂ ಎಬ್ಬಿಸಬೇಡಿ. ನಿಮ್ಮ ಸ್ವಾಗತ ಭಾಷಣವನ್ನು ಜೇಬಿನಲ್ಲೇ ಬಿಡಿ. ಓದುವವರಲ್ಲಿ ಒಬ್ಬ ಹುಡುಗಿ ತಾನು ಯಾವ ಊರಿನಿಂದ ಎಷ್ಟು ಗಂಟೆಯ ಬಸ್ಸಿಗೆ ಬರುತ್ತೇನೆ, ಎಲ್ಲಿ ಕೂರುತ್ತೇನೆ ಎಂದು ಹೇಳಿದರೆ ಸಾಕು. ಆಮೇಲೆ ಸೋರುವ ಜಾಗಕ್ಕೆ ಕರೆದೊಯ್ಯಿರಿ. ಫೋಟೊ ಅಲ್ಲಿಯೇ ತೆಗೆಯಲಿ.

ಹೊರಡುವ ಮುನ್ನ ಮನವಿಯ ಮೇಲೆ ಶಾಸಕರಿಂದ ಷರಾ, ಅಂದರೆ ಅಧಿಕಾರಿಗೆ ಸೂಚನೆಯ ಸಾಲು, ಬರೆಸಿಕೊಳ್ಳಿ. ‘ಪರಿಶೀಲಿಸಿ’ ಎಂದಷ್ಟೇ ಬರೆದರೆ ಪರಿಶೀಲಿಸುವವರು ಯಾರು? ಯಾವ ಅಧಿಕಾರಿಗೆ ಎಂಬುದು ಅದರಲ್ಲಿರಬೇಕು. ಹುದ್ದೆಯ ಹೆಸರನ್ನು ಚೀಟಿಯಲ್ಲಿ ಬರೆದು ಆಪ್ತ ಸಹಾಯಕರ ಕೈಗೆ ಮೊದಲೇ ಕೊಟ್ಟಿರಿ. ಷರಾ ಇರುವ ಪ್ರತಿಯನ್ನು ಜೆರಾಕ್ಸ್ ಮಾಡಿಸಿ, ಮೂಲವನ್ನು ಆ ಅಧಿಕಾರಿಯ ಕಚೇರಿಗೆ ನೀವೇ ಒಯ್ದು ಕೊಟ್ಟು, ಜೆರಾಕ್ಸಿನ ಮೇಲೆ ಮೊಹರು ಮತ್ತು ಆವಕ ಸಂಖ್ಯೆ (ಕಚೇರಿಗೆ ಬಂದ ಕಾಗದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಗುಮಾಸ್ತರು ಮೊದಲು ಕೇಳುವುದು ಆ ಸಂಖ್ಯೆಯನ್ನೇ.